ದೊಡ್ಡಪ್ಪ ಫಿಲ್ಟರ್ ಹಾಕುವ ದಿನ

ನಮ್ಮ ದೊಡ್ಡಪ್ಪ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಯಾವ ಅಂಕಣದಲ್ಲಿ ನಿಲ್ಲಬೇಕು, ಯಾವ ಗೇಟಿನಿಂದ ಹೊರಡಬೇಕು ಎಂದು ಸೀಟಿ ಊದಿ ಹೇಳುವುದು ಅವರ ಕೆಲಸ. ಸಂಜೆ ಸೀಟಿಯನ್ನು ಆಫೀಸಿನ ಮೊಳೆಗೆ ನೇತುಹಾಕಿ ಬರುತ್ತಿದ್ದರು. ಗತ್ತನ್ನು ಮಾತ್ರ ಜೊತೆಗೇ ತರುತ್ತಿದ್ದರು. ಮನೆಯಲ್ಲಿ ಆ ಗತ್ತಿಗೆ ಕೆಲಸವಿರಲಿಲ್ಲ. ಅಡುಗೆಮನೆಯಿಂದ ಹಿಡಿದು ಬೀರುವಿನ ಬೀಗದ ಕೈವರೆಗೆ ಎಲ್ಲವೂ ದೊಡ್ಡಮ್ಮನ ಆಡಳಿತ. ದೊಡ್ಡಪ್ಪನ ಪಾಲಿಗೆ ಉಳಿದದ್ದು ಗಾಳಿ.

ಗಾಳಿ ಎಂದರೆ, ಅಟ್ಟದಲ್ಲಿ ಕೂತು ಮನೆಗೆಲ್ಲ ತಂಪು ಹಂಚುತ್ತಿದ್ದ ಯಂತ್ರ. ಪಡಸಾಲೆಯ ಸೂರಿನಲ್ಲಿದ್ದ ಜಾಲರಿಯಿಂದ ಅದು ಮನೆಯ ಗಾಳಿಯನ್ನು ಮೇಲಕ್ಕೆ ಎಳೆದುಕೊಂಡು, ತಣ್ಣಗೆ ಮಾಡಿ ಕಿಂಡಿಗಳ ಮೂಲಕ ಕೋಣೆಕೋಣೆಗೆ ಕಳಿಸುತ್ತಿತ್ತು. ಜಾಲರಿಯ ಹಿಂದೆ ಧೂಳು ಹಿಡಿಯಲು ರಟ್ಟಿನ ಚೌಕಟ್ಟಿನ ಫಿಲ್ಟರ್. ಪ್ರತಿ ಬೇಸಿಗೆಯ ಆರಂಭದಲ್ಲಿ ಅದನ್ನು ಬದಲಾಯಿಸಬೇಕು. ರಜೆಗೆ ನಾನು ಅಲ್ಲಿಗೇ ಹೋಗುತ್ತಿದ್ದೆನಾದ್ದರಿಂದ ಆ ವೈಭವವನ್ನು ಕಣ್ಣಾರೆ ಕಂಡಿದ್ದೇನೆ.

ಅಂದು ದೊಡ್ಡಪ್ಪ ಹಳೆಯ ಯೂನಿಫಾರ್ಮ್ ಪ್ಯಾಂಟು ತೊಟ್ಟು, ಮೂಗಿಗೆ ಟವೆಲ್ ಕಟ್ಟಿಕೊಂಡು, "ಎಲ್ಲಾ ಆಚೆ ಹೋಗಿ!" ಎಂದು ಗುಡುಗುತ್ತಿದ್ದರು. ಮರುಕ್ಷಣವೇ ಏಣಿ ಹಿಡಿಯಲು, ನೋಡಲು, ಮೆಚ್ಚಲು ಜನ ಬೇಕೆಂದು ಎಲ್ಲರನ್ನೂ ಕರೆಯುತ್ತಿದ್ದರು. ಬೂದು ಕಂಬಳಿಯಂತಾಗಿದ್ದ ಹಳೆಯ ಫಿಲ್ಟರನ್ನು ಎತ್ತಿ ಹಿಡಿದು, ಆ ಧೂಳನ್ನೆಲ್ಲ ತಾವೇ ಅಡ್ಡಗಟ್ಟಿ ಹಿಡಿದವರಂತೆ ಹೇಳುತ್ತಿದ್ದರು: "ನೋಡ್ಕೊಳ್ಳಿ, ಇಷ್ಟೂ ನಿಮ್ಮ ಎದೆಗೆ ಹೋಗ್ಬೇಕಾಗಿತ್ತು."

"ಅದರಲ್ಲಿ ಅರ್ಧ ನಿಮ್ಮ ಪೌಡರೇ ಬಿಡ್ರೀ," ಎನ್ನುತ್ತಿದ್ದರು ದೊಡ್ಡಮ್ಮ.

ಹೊಸ ಫಿಲ್ಟರಿನ ಅಂಚಿನಲ್ಲಿ ಒಂದು ಬಾಣದ ಗುರುತು. ಗಾಳಿ ಹೋಗುವ ದಿಕ್ಕಿಗೆ, ಎಂದರೆ ಮೇಲಕ್ಕೆ, ಯಂತ್ರದ ಕಡೆಗೆ ಅದು ಮುಖ ಮಾಡಬೇಕು. ದೊಡ್ಡಪ್ಪ ಕೆಳಕ್ಕೆ ಮಾಡಿ ಹಾಕುತ್ತಿದ್ದರು. ಅವರ ಮಗಳು, ನಮ್ಮ ಅಕ್ಕ, ಒಮ್ಮೆ ಬಾಯಿ ತಡೆಯಲಾರದೆ, "ಅಪ್ಪಾ, ಬಾಣ ಮೇಲಕ್ಕಿರ್ಬೇಕಂತೆ, ಡಬ್ಬದ ಮೇಲೇ ಹಾಕಿದಾರೆ," ಎಂದಳು.

"ಬಾಣದ ವಿಷಯ ನನಗೆ ಹೇಳ್ಕೊಡ್ತೀಯಾ? ದಿನಾ ಬಾಣ ತೋರಿಸಿ ಬಸ್ಸು ಕಳಿಸೋನು ನಾನು! ಗಾಳಿ ಬೇಕಾಗಿರೋದು ನಮಗೋ, ಅಟ್ಟದ ಇಲಿಗೋ?"

ವಾದ ಮುಗಿಯಿತು. ದೊಡ್ಡಪ್ಪ ಸ್ನಾನಕ್ಕೆ ಹೋದರು.

ಬಚ್ಚಲಿನಲ್ಲಿ ನೀರಿನ ಸದ್ದು, ಜೊತೆಗೆ ಅವರ ಹಾಡು ಶುರುವಾಯಿತೋ ಇಲ್ಲವೋ, ದೊಡ್ಡಮ್ಮ ಏಣಿ ಹತ್ತುತ್ತಿದ್ದರು. ಅಕ್ಕ ಏಣಿ ಹಿಡಿಯಬೇಕು. ನಾನು ಬಚ್ಚಲ ಬಾಗಿಲ ಕಾವಲು. "ಹಾಡು ನಿಂತ್ರೆ ಹೇಳೋ," ಎಂದು ಪಿಸುಗುಟ್ಟಿ, ಫಿಲ್ಟರ್ ತಿರುಗಿಸಿ ಹಾಕಿ ಇಳಿಯುತ್ತಿದ್ದರು. ದೊಡ್ಡಪ್ಪ ತಲೆ ಒರೆಸಿಕೊಳ್ಳುತ್ತ ಬಂದು, ಕೋಣೆಯ ಕಿಂಡಿಗೆ ಅಂಗೈ ಹಿಡಿದು, "ಹೇಗೆ ಬರ್ತಿದೆ ನೋಡು! ಕೈಗುಣ ಕಣೇ, ಕೈಗುಣ," ಎನ್ನುವರು. "ಹೌದೌದು, ಇನ್ನೇನು ಮತ್ತೆ," ಎಂದು ದೊಡ್ಡಮ್ಮ ಕೈಯ ಧೂಳು ಕೊಡವಿಕೊಳ್ಳುವರು. ವರ್ಷವರ್ಷವೂ ಇದೇ. ನಾನು ಮೀಸೆ ಬಂದ ಮೇಲೂ ಬಚ್ಚಲು ಕಾದಿದ್ದೇನೆ.

ದೊಡ್ಡಮ್ಮ ಹೋದ ಮೇಲಿನ ಮೊದಲ ಬೇಸಿಗೆ. ನಿವೃತ್ತರಾಗಿದ್ದ ದೊಡ್ಡಪ್ಪ ಯಾರನ್ನೂ ಕರೆಯದೆ ತಾವೇ ಏಣಿ ಹತ್ತಿ ಫಿಲ್ಟರ್ ಹಾಕಿದರು. ಬಿಸಿಲು ಏರುವ ಹೊತ್ತಿಗೆ ಮನೆ ಕಾದ ಕಾವಲಿಯಾಯಿತು. ಅಟ್ಟ ಹತ್ತಿ ನೋಡಿದರೆ ಫಿಲ್ಟರ್ ಒಳಕ್ಕೆ ಜಗ್ಗಿ ಮಡಚಿಕೊಂಡು ಗಾಳಿಯ ದಾರಿ ಮುಚ್ಚಿದೆ, ಯಂತ್ರದ ಕೊಳವೆಗಳ ಮೇಲೆ ಮಂಜುಗಡ್ಡೆ ಕಟ್ಟಿದೆ. ಮನೆಯವರು ಬೇಯುತ್ತಿದ್ದಾರೆ, ಯಂತ್ರ ಚಳಿ ಹಿಡಿದು ಕೂತಿದೆ!

ಅಕ್ಕನ ಗಂಡ, ನಮ್ಮ ಭಾವ, ಸೊಂಟಕ್ಕೆ ಕೈಯಿಟ್ಟು ತೀರ್ಪು ಕೊಟ್ಟರು. "ಇದರ ಕಾಲ ಮುಗೀತು ಮಾವ. ನಾಳೆ ಜನ ಬಂದು ಕಿತ್ಕೊಂಡು ಹೋಗ್ತಾರೆ. ಹೊಸದು ಹಾಕಿಸೋಣ."

ಬೇರೆ ದಿನವಾಗಿದ್ದರೆ ದೊಡ್ಡಪ್ಪ ಸುಮ್ಮನಿರುತ್ತಿದ್ದರೇ? ಅಂದು ದೊಡ್ಡಮ್ಮನ ಹೊಲಿಗೆಯ ಕುರ್ಚಿಯಲ್ಲಿ ಕೂತು ಕಿಂಡಿಯನ್ನೇ ನೋಡುತ್ತಿದ್ದರು. "ಅವಳಿದ್ದಾಗ ಇದು ಒಂದಿನಾನೂ ಮುಷ್ಕರ ಹೂಡ್ಲಿಲ್ಲ ಕಣೋ," ಎಂದರು ನನಗೆ. "ಅವಳು ಕೂರ್ತಿದ್ದ ಜಾಗಕ್ಕೆ ಇನ್ನೂ ಅದೇ ಗಾಳಿ ಬರುತ್ತಲ್ಲ ಅನ್ಕೊಂಡಿದ್ದೆ. ಈಗ ಇದೂ ಹೊರಟಿತು."

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಹೇಳಿದ್ರೆ ಅಪ್ಪನ ಕೈಗುಣ ಹೋಗುತ್ತೆ. ಹೇಳದಿದ್ರೆ ಯಂತ್ರ ಹೋಗುತ್ತೆ. ಏನ್ಮಾಡ್ಲೋ?"

"ಹೊಸ ಫಿಲ್ಟರ್ ತಂದು ಗುಟ್ಟಾಗಿ ಸರಿಯಾಗಿ ಹಾಕ್ಬಿಡು."

"ಮುಂದಿನ ವರ್ಷ? ನಿನ್ನನ್ನ ಬಚ್ಚಲ ಮುಂದೆ ನಿಲ್ಲಿಸೋಕೆ ಪ್ರತಿ ಸಲ ನನ್ನ ಮನೆಯಿಂದ ಬರ್ಲಾ?"

ಹೋಗಿ ಹೇಳಿಯೇಬಿಟ್ಟಳು. ನಾನು ಬಾಗಿಲ ಮರೆಯಲ್ಲಿ ನಿಂತು ಗುಡುಗಿಗೆ ಕಾದೆ. ಗುಡುಗು ಬರಲಿಲ್ಲ.

"ಪ್ರತಿ ವರ್ಷಾನಾ?"

"ಪ್ರತಿ ವರ್ಷ, ಅಪ್ಪಾ. ನೀವು ಸ್ನಾನಕ್ಕೆ ಹೋದ ತಕ್ಷಣ."

"ಆ ಏಣಿ ಮೇಲಾ? ಅವಳಿಗೆ ಮಂಡಿ ನೋವಿತ್ತಲ್ಲೇ!"

ಆಮೇಲೆ ಜಾಲರಿಯತ್ತ ಮುಖವೆತ್ತಿದರು. "ನನಗೊಂದು ಮಾತು ಹೇಳ್ಬೋದಿತ್ತು."

"ಹೇಳಿದ್ರೆ ಕೇಳ್ತಿದ್ರಾ?"

"ಎಲ್ಲಿ ಕೇಳ್ತಿದ್ದೆ," ಎಂದು ನಕ್ಕುಬಿಟ್ಟರು. ನಗುತ್ತಲೇ ಟವೆಲ್‌ನಿಂದ ಮುಖ ಒರೆಸಿಕೊಂಡರು, ಸೆಖೆಯಿತ್ತು ನಿಜ.

ಮಂಜು ಕರಗಿತು. ಹೊಸ ಫಿಲ್ಟರ್ ಬಾಣ ಮೇಲಕ್ಕೆ ಮಾಡಿಕೊಂಡು ಕೂತಿತು. ಸಂಜೆಗೆ ದೊಡ್ಡಮ್ಮನ ಕುರ್ಚಿಯ ಮೇಲೆ ಗಾಳಿ ಬಿತ್ತು. ಮರುದಿನ ಬಂದ ಜನರನ್ನು ಭಾವನೇ ಸಮಾಧಾನ ಹೇಳಿ ಕಳಿಸಬೇಕಾಯಿತು.

ಈ ಬೇಸಿಗೆಗೆ ಹೋದಾಗ ಹಳೆಯ ಪ್ಯಾಂಟು, ಟವೆಲ್, "ಎಲ್ಲಾ ಆಚೆ ಹೋಗಿ!" ಎಲ್ಲವೂ ಮರಳಿತ್ತು, 'ಎಲ್ಲಾ' ಎಂದರೆ ನಾನೊಬ್ಬನೇ. ದೊಡ್ಡಪ್ಪ ಏಣಿ ಹತ್ತಿ, ಬಾಣವನ್ನು ಕೆಳಕ್ಕೇ ಮಾಡಿ ಫಿಲ್ಟರ್ ಕೂರಿಸಿದರು. ಅವರು ಸ್ನಾನಕ್ಕೆ ಹೋಗಿ ಹಾಡಿದರು. ಅಭ್ಯಾಸಬಲ ನೋಡಿ, ನಾನು ಬಚ್ಚಲ ಬಾಗಿಲಿಗೆ ಹೋಗಿ ನಿಂತಿದ್ದೆ.

ಹಾಡು ನಿಂತಿತು. ಒದ್ದೆ ತಲೆಯಲ್ಲೇ ಬಂದವರು ಮತ್ತೆ ಏಣಿಗೆ ಕಾಲಿಟ್ಟು, ಫಿಲ್ಟರ್ ಹೊರತೆಗೆದು ತಿರುಗಿಸತೊಡಗಿದರು.

"ಏನು ದೊಡ್ಡಪ್ಪ, ಮೊದಲೇ ಸರಿಯಾಗಿ ಹಾಕ್ಬಾರದಿತ್ತಾ?"

"ಆಗ ಹಾಕಿದ್ದು ನಾನು. ಇದು ಅವಳ ಪಾಳಿ," ಎಂದರು ಮೇಲಿನಿಂದ. "ಮಾತು ಸಾಕು, ಏಣಿ ಗಟ್ಟಿಯಾಗಿ ಹಿಡ್ಕೋ."