ಮೂರನೆಯ ತೆರೆಗೆ ಐಲೇಸಾ

ಮಾರ್ಚ್ ತಿಂಗಳ ಬೆಳಗಿನ ಏಳು ಗಂಟೆ. ಒಂಟಾರಿಯೊದ ಅರೋರಾ ಊರಿನ ಈ ವೃದ್ಧರ ನಿವಾಸದ ಕಿಟಕಿಗಳಾಚೆ ಇನ್ನೂ ಬೆಳಕು ಹರಿದಿಲ್ಲ. ಅಂಗಳದಲ್ಲಿ ಹಿಮ ತಳ್ಳುವ ಗಾಡಿಯೊಂದು ಗುರುಗುಟ್ಟುತ್ತ ಹಿಂದೆ ಮುಂದೆ ಓಡಾಡುತ್ತಿದೆ. ಎರಡನೆಯ ಮಹಡಿಯ ಕೋಣೆಯಲ್ಲಿ ಪುಷ್ಪಾವತಿ, ಮಂಚದ ಅಂಚಿಗೆ ಕುಳಿತ ವಾಲೇಸ್ ಎಂಬ ಮುದುಕರ ಎದುರು ನಿಂತಿದ್ದಾರೆ. ಒಂದು ಕಾಲಕ್ಕೆ ಯಂಗ್ ಸ್ಟ್ರೀಟಿನ ಉದ್ದಕ್ಕೂ ಬಸ್ಸು ಓಡಿಸಿದವರು ವಾಲೇಸ್. ಈಗ ಮಂಚದಿಂದ ಏಳುವುದೇ ಅವರಿಗೆ ಗುಡ್ಡ ಹತ್ತಿದಷ್ಟು ಕಷ್ಟ.

ಪುಷ್ಪಾವತಿ ಅವರ ಕೈ ಹಿಡಿದು ಎಳೆಯುವುದಿಲ್ಲ. ಮೊಣಕಾಲಿಗೆ ಮೊಣಕಾಲು ತಾಗಿಸಿ, ಬೆನ್ನ ಹಿಂದೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಾರೆ. "ಒಂದು" ಎನ್ನುತ್ತಾರೆ, ಮುದುಕರು ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತಾರೆ. "ಎರಡು" ಎನ್ನುತ್ತಾರೆ, ಮತ್ತೆ ಅದೇ ತೂಗಾಟ. ಮೂರನೆಯ ಸಲಕ್ಕೆ ಇಬ್ಬರೂ ಒಟ್ಟಿಗೆ "ಐಲೇಸಾ" ಎನ್ನುವಷ್ಟರಲ್ಲಿ ವಾಲೇಸ್ ತಮ್ಮ ಕಾಲ ಮೇಲೆ ನಿಂತಿದ್ದಾರೆ. ಮಲ್ಪೆಯ ಕಡಲ ತೀರದಲ್ಲಿ ದೋಣಿ ಎಳೆಯುವಾಗ ಹಾಕುವ ಕೂಗು ಅದು. ಒಂಟಾರಿಯೊದ ಈ ಮುದುಕರಿಗೆ ಅದರ ತಲೆಬುಡ ಗೊತ್ತಿಲ್ಲ. ಕೇಳಿದರೆ, ಏಳುವುದಕ್ಕೆ ಭಾರತೀಯರು ಹೇಳುವ ಮಾತು ಎಂದು ಗಂಭೀರವಾಗಿ ವಿವರಿಸುತ್ತಾರೆ.

"ಕೈ ಹಿಡಿದು ಎಳೆದ್ರೆ ಅವರ ಭುಜಕ್ಕೆ ನೋವಾಗ್ತದೆ. ಅದಕ್ಕಿಂತ ಜಾಸ್ತಿ ಮನಸ್ಸಿಗೆ ಆಗ್ತದೆ," ಎನ್ನುತ್ತಾರೆ ಪುಷ್ಪಾವತಿ, ಹಾಸಿಗೆಯ ಬಟ್ಟೆ ಬದಲಿಸುತ್ತಲೇ. "ನಾವು ಎಳೆದು ನಿಲ್ಲಿಸಿದ್ರೆ ಅದು ಅವರು ನಿಂತದ್ದು ಅಂತ ಆಗುದಿಲ್ಲ ಅಲ್ವಾ?"

ಪಿಎಸ್‌ಡಬ್ಲ್ಯು ಎಂದು ಇಲ್ಲಿ ಕರೆಯುವ ಈ ಆರೈಕೆಯ ಕೆಲಸದಲ್ಲಿ ಮೈ ತೊಳೆಯುವುದು, ಬಟ್ಟೆ ತೊಡಿಸುವುದು, ಉಣಿಸುವುದು, ಒರೆಸುವುದು ಎಲ್ಲವೂ ಸೇರಿದೆ. ತಿಂಡಿಯ ಹೊತ್ತಿಗಿಂತ ಮುಂಚೆ ಪುಷ್ಪಾವತಿ ಹನ್ನೊಂದು ಮಂದಿಯನ್ನು ಎಬ್ಬಿಸಬೇಕು. ಅದಕ್ಕಾಗಿ ರೆಕ್ಸ್‌ಡೇಲ್‌ನ ಬೇಸ್‌ಮೆಂಟ್ ಮನೆಯಿಂದ ನಸುಕಿನಲ್ಲೇ ಹೊರಟು ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಬರುತ್ತಾರೆ. ಗಂಡ ಜಯಪ್ರಕಾಶ ಪ್ಲಾಸ್ಟಿಕ್ ಕಾರ್ಖಾನೆಯ ರಾತ್ರಿ ಶಿಫ್ಟು ಮುಗಿಸಿ ಬರುವುದೂ ಇವರು ಹೊರಡುವುದೂ ಒಂದೇ ಬಾಗಿಲಲ್ಲಿ. ಅಲ್ಲೇ ಒಂದೆರಡು ಮಾತು, ಚಹಾದ ಫ್ಲಾಸ್ಕು ಕೈ ಬದಲಾಯಿಸುತ್ತದೆ. ಸಂಸಾರ ಎಂದರೆ ಹೀಗೂ ನಡೆಯುತ್ತದೆ.

ಹುಟ್ಟಿದ್ದು ಮಲ್ಪೆ ಪಕ್ಕದ ಪಡುಕೆರೆಯಲ್ಲಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಪಟ್ಟಿಯಂಥ ಊರು. ತಂದೆ ದೇರಣ್ಣ ದೋಣಿಯಲ್ಲಿ ಹೋಗಿ ಬಲೆ ಬಿಟ್ಟು ದಡದಿಂದ ಎಳೆಯುವ ಗುಂಪಿನವರು. ಅಪ್ಪನಿಂದ ಪುಷ್ಪಾವತಿಗೆ ಬಂದ ಆಸ್ತಿ ಎರಡೇ ಎರಡು. ಮೊದಲನೆಯದು ತೆರೆಯ ಲೆಕ್ಕ. ದೋಣಿ ಹತ್ತುವಾಗ ಅವಸರ ಕೂಡದು. ಎರಡು ತೆರೆ ಕಡಲಿನದ್ದು, ಮೂರನೆಯದು ನಮ್ಮದು ಎನ್ನುತ್ತಿದ್ದರು ದೇರಣ್ಣ. ಎರಡನೆಯದು ಕಾಲಿನ ಶುದ್ಧಿ. ಅನ್ನ ಕೊಡುವ ದೋಣಿಗೆ ಚಪ್ಪಲಿ ಕಾಲಿನಲ್ಲಿ ಹತ್ತುವುದು ಅವರ ಮನೆಯಲ್ಲಿ ತಾಯಿಯ ಮಡಿಲನ್ನು ಮೆಟ್ಟಿದ ಹಾಗೆ. ಮೊದಲನೆಯ ಆಸ್ತಿಯನ್ನು ಪುಷ್ಪಾವತಿ ಅರೋರಾದ ಮುದುಕರಿಗೆಲ್ಲ ಹಂಚಿದರು. ಎರಡನೆಯದು ಹೋದ ವರ್ಷ, ಅಂದರೆ ೨೦೧೮ರ ಸೆಪ್ಟೆಂಬರಿನಲ್ಲಿ, ಅವರನ್ನು ಚೆನ್ನಾಗಿ ಪೇಚಿಗೆ ಸಿಕ್ಕಿಸಿತು.

ಆ ಕಥೆಯ ನಾಯಕಿ ಹೆಲೆನ್ ಬಾರ್ಕ್ಲೆ, ಎಂಬತ್ತು ದಾಟಿದವರು. ಸ್ಟೌಫ್‌ವಿಲ್‌ನ ಶಾಲೆಯಲ್ಲಿ ಆಯುಷ್ಯವೆಲ್ಲ ಭೂಗೋಳ ಕಲಿಸಿದ ಟೀಚರು. ನಿವಾಸದಲ್ಲಿ ಎಲ್ಲರಿಗೂ ಮಿಸೆಸ್ ಬಾರ್ಕ್ಲೆ. ಪುಷ್ಪಾವತಿಗೆ ಮಾತ್ರ ಹೆಲೆನಮ್ಮ. ಮಕ್ಕಳ ಕೈಯಲ್ಲಿ ವರ್ಷ ವರ್ಷವೂ ಮೆಡಿಟರೇನಿಯನ್ ಸಮುದ್ರದ ನಕ್ಷೆ ಬರೆಸಿ ನೀಲಿ ಬಣ್ಣ ತುಂಬಿಸಿದವರು, ಆ ಸಮುದ್ರವನ್ನು ಕಣ್ಣಾರೆ ಕಂಡಿರಲಿಲ್ಲ. ಗಂಡನ ದೀರ್ಘ ಕಾಯಿಲೆ ಬಿಡಲಿಲ್ಲ. ಬಿಡುವಾದಾಗ ಪಾರ್ಕಿನ್‌ಸನ್ಸ್ ತಮಗೇ ಅಂಟಿಕೊಂಡಿತು. ಕಾಲುಗಳು ಇನ್ನೊಂದು ವರ್ಷ ತಾಳುವುದು ಅನುಮಾನ ಎಂದು ಡಾಕ್ಟರು ಹೇಳಿದ ದಿನ ಹೆಲೆನಮ್ಮ ಅಳಲಿಲ್ಲ. ಬಾರ್ಸಿಲೋನಾದಿಂದ ಹೊರಟು ಫ್ರಾನ್ಸಿನ ತೀರ ಹಿಡಿದು ಇಟಲಿಯ ಜಿನೋವಾದವರೆಗೆ ಹೋಗುವ ಸಣ್ಣ ಹಡಗಿನ ಪ್ರವಾಸಕ್ಕೆ ಹೆಸರು ಬರೆಸಿದರು, ಜತೆಗೆ ಪುಷ್ಪಾವತಿಯದನ್ನೂ.

ದೊಡ್ಡ ಹಡಗು ದೊಡ್ಡ ಬಂದರಿಗಷ್ಟೇ ಹೋಗುತ್ತದೆ. ಸಣ್ಣ ಹಡಗು ಹಾಗಲ್ಲ. ಮೀನುಗಾರರ ಪುಟ್ಟ ಊರುಗಳ ಎದುರಿಗೂ ಲಂಗರು ಹಾಕುತ್ತದೆ. ಅಲ್ಲಿಂದ ದಡಕ್ಕೆ ಒಯ್ಯುವುದು ಯಂತ್ರದ ದೋಣಿ. ತೊಡಕು ಇದ್ದದ್ದು ಅಲ್ಲೇ. ಹಡಗಿನ ಮೆಟ್ಟಿಲಿನಿಂದ ಆ ದೋಣಿಗೆ ಪ್ರಯಾಣಿಕರು ಸ್ವಂತ ಕಾಲಿನಲ್ಲಿ ದಾಟಬೇಕು, ಯಾರನ್ನೂ ಎತ್ತಿ ಇಳಿಸುವುದಿಲ್ಲ ಎಂಬುದು ಹಡಗಿನವರ ನಿಯಮ. ದಾಟಲಾಗದವರು ಕಿಟಕಿಯಿಂದ ಊರು ನೋಡಬೇಕು. ಕಿಟಕಿಯಿಂದ ನೋಡಲು ಅರೋರಾವೇ ಸಾಕು ಎಂದರಂತೆ ಹೆಲೆನಮ್ಮ.

ಸರಿ, ಚಳಿಗಾಲದಲ್ಲೇ ಅಭ್ಯಾಸ ಶುರುವಾಯಿತು. ನಿವಾಸದ ಬೇಸ್‌ಮೆಂಟಿನ ವ್ಯಾಯಾಮದ ಕೋಣೆಯಲ್ಲಿ ಒಂದು ಮಣೆಯಂಥ ಮೆಟ್ಟಿಲು, ಅದರ ಪಕ್ಕಕ್ಕೆ ಮಡಚಿದ ಹಾಸಿಗೆ. ಹಾಸಿಗೆಯೇ ದೋಣಿ. ಅದನ್ನು ಪುಷ್ಪಾವತಿ ಕಾಲಿನಿಂದ ಅಲ್ಲಾಡಿಸುತ್ತಾರೆ, ಆ ಅಲುಗಾಟವೇ ಕಡಲು. ಮೆಟ್ಟಿಲಿನ ಮೇಲೆ ನಿಂತ ಹೆಲೆನಮ್ಮ ಎರಡು ತೆರೆ ಬಿಟ್ಟು ಮೂರನೆಯದಕ್ಕೆ ಕಾಲಿಡಬೇಕು. ಮೊದಮೊದಲು ಅಲುಗುವ ಹಾಸಿಗೆ ಕಂಡರೇ ಅವರ ಕಾಲು ನೆಲಕ್ಕೆ ಅಂಟುತ್ತಿತ್ತು. ಬೇಸಿಗೆಯ ಹೊತ್ತಿಗೆ ಐಲೇಸಾ ಎನ್ನುತ್ತ ದಾಟತೊಡಗಿದರು. ಶಿಫ್ಟು ಮುಗಿದ ಮೇಲೆ ನಡೆಯುತ್ತಿದ್ದ ಈ ತಾಲೀಮಿನಿಂದ ಪುಷ್ಪಾವತಿ ಮನೆಗೆ ತಡವಾಗಿ ಬರುವುದನ್ನು ಕಂಡು ಜಯಪ್ರಕಾಶ ತಮಾಷೆ ಮಾಡುತ್ತಿದ್ದರು: ಪಡುಕೆರೆಯ ಕಡಲು ಬಿಟ್ಟು ಬಂದವಳು ಈಗ ಹಾಸಿಗೆಯಲ್ಲಿ ಕಡಲು ಮಾಡ್ತಾಳೆ.

ನಿವಾಸದ ಮ್ಯಾನೇಜರು ಮಾತ್ರ ನಗಲಿಲ್ಲ. ರಜೆಯಲ್ಲಿ ಹೋಗುತ್ತಿದ್ದೀರಿ, ಅಲ್ಲಿ ಅವರು ಬಿದ್ದರೆ ಹೊಣೆ ನಿಮ್ಮದು ಎಂದು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿದರು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದುಕೊಂಡು ಪುಷ್ಪಾವತಿ ವಿಮಾನ ಹತ್ತಿದರು.

ಬಾರ್ಸಿಲೋನಾದಲ್ಲಿ ಹತ್ತಿದ ಹಡಗು ಅವರಿಗೆ ಹಡಗು ಅನ್ನಿಸಲೇ ಇಲ್ಲ. ಕಾರ್ಪೆಟ್ಟು, ಗಾಜಿನ ಬಾಗಿಲು, ಹೂದಾನಿ. ಒಳ್ಳೆಯ ಹೋಟೆಲಿನ ಹಾಗಿತ್ತು, ಶೂ ಹಾಕಿಕೊಂಡೇ ನಡೆದರು. ಮೂರನೆಯ ದಿನ ಫ್ರಾನ್ಸಿನ ಹಳ್ಳಿಯೊಂದರ ಎದುರು ಲಂಗರು ಬಿತ್ತು. ಕೆಳಗಿನ ಬಾಗಿಲು ತೆರೆದಾಗ ಎದುರಿಗೆ ದೋಣಿ, ಅದರ ಒದ್ದೆ ಹಗ್ಗ, ಡೀಸೆಲ್ಲಿನ ವಾಸನೆ. ಮೂಗಿಗೆ ಅದು ಬಡಿದದ್ದೇ ತಡ, ಪುಷ್ಪಾವತಿ ಯೋಚಿಸಲೂ ಇಲ್ಲ. ಶೂ ಕಳಚಿ ಬದಿಗಿಟ್ಟರು, ಬಗ್ಗಿ ಹೆಲೆನಮ್ಮನ ಶೂಗಳನ್ನೂ ಬಿಚ್ಚಿದರು.

ಹಡಗಿನ ಅಧಿಕಾರಿ ಕೈ ಅಡ್ಡ ಹಿಡಿದ. ಬರಿಗಾಲಿನಲ್ಲಿ ಜಾರುತ್ತದೆ, ರಬ್ಬರ್ ತಳದ ಶೂ ಇಲ್ಲದೆ ಯಾರನ್ನೂ ಬಿಡುವುದಿಲ್ಲ ಎಂದ. ಅವನದೇನೂ ತಪ್ಪಿರಲಿಲ್ಲ. ಹೆಲೆನಮ್ಮನಿಗೆ ಮತ್ತೆ ಶೂ ತೊಡಿಸಿದ್ದಾಯಿತು. ಆಗಲೇ ಪುಷ್ಪಾವತಿಗೆ ಹೊಳೆದದ್ದು, ತಾನು ಮಾಡಿದ ದೊಡ್ಡ ತಪ್ಪು ಇದಲ್ಲ ಎಂದು. ಹಾಸಿಗೆಯೇ ದೋಣಿಯಾಗಿದ್ದ ಆ ಕೋಣೆಯಲ್ಲಿ ಶೂ ಹಾಕಿಸಲು ಅವರ ಮನಸ್ಸು ಒಪ್ಪಿರಲಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೂ ಕಲಿಸಿದ್ದೆಲ್ಲ ಬರಿಗಾಲಿನಲ್ಲಿ. ದಪ್ಪ ತಳದ ಶೂ ತೊಟ್ಟ ಹೆಲೆನಮ್ಮನಿಗೆ ಅಂಚು ಎಲ್ಲಿ ಮುಗಿಯಿತು ಎಂಬುದೇ ಗೊತ್ತಾಗಲಿಲ್ಲ. ಕಾಲು ಎತ್ತಿದರು, ಶೂವಿನ ತುದಿ ಅಂಚಿಗೆ ತಾಗಿತು, ಬೆದರಿ ಹಿಂದಕ್ಕೆ ಸರಿದರು. ಹಿಂದೆ ಸಾಲಿನಲ್ಲಿ ನಿಂತವರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಇಬ್ಬರೂ ಕೋಣೆಗೆ ಮರಳಿದರು.

ಆ ಮಧ್ಯಾಹ್ನವೆಲ್ಲ ಹೆಲೆನಮ್ಮ ಕಿಟಕಿಯ ಪಕ್ಕ ಕುಳಿತು ಹಳ್ಳಿಯ ಮನೆಗಳನ್ನು ನೋಡುತ್ತಿದ್ದರು. ಬೈದಿದ್ದರೆ ಪುಷ್ಪಾವತಿಗೆ ಸಮಾಧಾನವಾಗುತ್ತಿತ್ತು. "ತಪ್ಪು ನನ್ನದೇ ಮಾರಾಯ್ರೆ," ಎಂದು ಈಗಲೂ ಅವರು ತಲೆ ತಗ್ಗಿಸುತ್ತಾರೆ. "ನನ್ನ ನಂಬಿಕೆ ನನ್ನ ಕಾಲಿಗೆ. ಅದನ್ನು ಅವರ ಕಾಲಿಗೆ ಕಟ್ಟಿ ಬಿಟ್ಟೆ. ಅಷ್ಟು ದೂರ ಬಂದು ಅವರು ಕಿಟಕಿ ನೋಡುವ ಹಾಗಾಯ್ತು."

ಮರುದಿನದ ಹಳ್ಳಿ ಗಾಳಿಗೆ ಹೋಯಿತು. ಅಲೆ ಜೋರಾಗಿ ಯಾರನ್ನೂ ಇಳಿಸಲಿಲ್ಲ. ಎಲ್ಲರೂ ಮುಖ ಊದಿಸಿಕೊಂಡಿದ್ದಾಗ ಪುಷ್ಪಾವತಿ ಒಳಗೊಳಗೇ ಸಮುದ್ರಕ್ಕೆ ಕೈ ಮುಗಿದರು. ಅಭ್ಯಾಸಕ್ಕೆ ಒಂದು ದಿನ ಸಿಕ್ಕಿತ್ತಲ್ಲ. ಹಡಗಿನಲ್ಲಿ ಹೊರಗಿನ ಬಾಗಿಲುಗಳಿಗೆ ನೀರು ನುಗ್ಗದಂತೆ ಎತ್ತರದ ಹೊಸ್ತಿಲು ಇರುತ್ತದೆ. ಆ ಹೊಸ್ತಿಲನ್ನೇ ಹೆಲೆನಮ್ಮ ಶೂ ಕಾಲಿನಲ್ಲಿ ದಾಟಿದರು, ಮತ್ತೆ ದಾಟಿದರು, ಕಾಲನ್ನು ಎಷ್ಟು ಎತ್ತಿದರೆ ತಾಗುವುದಿಲ್ಲ ಎಂದು ತೊಡೆಗೆ ಗೊತ್ತಾಗುವವರೆಗೂ ದಾಟಿದರು. ಈ ಬಾರಿ ಹಾಸಿಗೆ ಅಲ್ಲಾಡಿಸುವ ಕೆಲಸವಿರಲಿಲ್ಲ, ಕಡಲೇ ಅದನ್ನು ವಹಿಸಿಕೊಂಡಿತ್ತು.

ಕೊನೆಯ ದಿನ, ಇಟಲಿಯ ತೀರದ ಒಂದು ಸಣ್ಣ ಊರು. ಮತ್ತೆ ಅದೇ ಬಾಗಿಲು, ಅದೇ ದೋಣಿ. ಇದು ತಪ್ಪಿದರೆ ಇನ್ನಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಜತೆಗಾರರು ಮೊದಲು ದೋಣಿಗಿಳಿದು ನಿಲ್ಲಬೇಕು. ಪುಷ್ಪಾವತಿ ಅಂಚಿನಲ್ಲಿ ನಿಂತು ತಮ್ಮ ಶೂಗಳನ್ನು ನೋಡಿಕೊಂಡರು. ತಾನು ಬಿಚ್ಚಿದರೆ ಅಧಿಕಾರಿ ಬಿಡುವುದಿಲ್ಲ, ತಾನಿಲ್ಲದೆ ಹೆಲೆನಮ್ಮ ದಾಟುವುದಿಲ್ಲ. ದೇರಣ್ಣನ ಮಗಳು ಹುಟ್ಟಿದಂದಿನಿಂದ ಮಾಡದ ಕೆಲಸವನ್ನು ಆವತ್ತು ಮಾಡಿದರು. "ಅಪ್ಪೆ, ತಪ್ಪಾಂಡ್" ಎಂದು, ಅಮ್ಮಾ ತಪ್ಪಾಯಿತು ಎಂದು, ತುಳುವಿನಲ್ಲಿ ನೀರಿಗೆ ಹೇಳಿ ಶೂ ಕಾಲನ್ನು ದೋಣಿಯಲ್ಲಿಟ್ಟರು. ಕಣ್ಣು ತುಂಬಿತ್ತು. ಒರೆಸಿಕೊಳ್ಳಲು ಹೊತ್ತಿರಲಿಲ್ಲ.

ಹೆಲೆನಮ್ಮ ಮೇಲೆ ಅಂಚಿನಲ್ಲಿ ನಿಂತರು. ಪುಷ್ಪಾವತಿ ಅಂಗೈ ಮೇಲೆ ಮಾಡಿ ತೋಳು ಚಾಚಿದರು, ಹಿಡಿಯಲಿಲ್ಲ. ದೋಣಿ ಎದ್ದಿತು, ಇಳಿಯಿತು. ಮತ್ತೆ ಎದ್ದಿತು, ಇಳಿಯಿತು. ಮೂರನೆಯ ತೆರೆ ದೋಣಿಯನ್ನು ಮೆಟ್ಟಿಲಿನ ಮಟ್ಟಕ್ಕೆ ತಂದಾಗ ಐಲೇಸಾ ಎಂಬ ಕೂಗು ಕೇಳಿತು. ಈ ಸಲ ಕೂಗಿದ್ದು ಹೆಲೆನಮ್ಮ ಒಬ್ಬರೇ. ಅವರ ಶೂ ದೋಣಿಯೊಳಗೆ ಧಪ್ಪೆಂದು ಊರಿತು.

ದಡದಲ್ಲಿ ಉರುಟು ಕಲ್ಲುಗಳ ತೀರ. ಬೆಂಚಿನ ಮೇಲೆ ಕುಳಿತ ಹೆಲೆನಮ್ಮ, ಇಲ್ಲಿ ಯಾವ ಅಧಿಕಾರಿಯೂ ಇಲ್ಲ, ಈಗ ಶೂ ಬಿಚ್ಚು ಎಂದರು. ಇಬ್ಬರೂ ಬರಿಗಾಲಿನಲ್ಲಿ ನೀರಿನ ಅಂಚಿಗೆ ಹೋಗಿ ನಿಂತರು. ಭೂಗೋಳದ ಟೀಚರು ತುಂಬಾ ಹೊತ್ತು ಪಾದಗಳನ್ನೇ ನೋಡಿದರು. "ಎಷ್ಟು ಮಕ್ಕಳ ಕೈಯಲ್ಲಿ ಇದಕ್ಕೆ ನೀಲಿ ಬಳಿಸಿದೆ, ಪುಷ್ಪಾ," ಎಂದರು. "ಕಾಲಿನ ಹತ್ತಿರ ಇದಕ್ಕೆ ಬಣ್ಣವೇ ಇಲ್ಲ."

ಡಾಕ್ಟರ ಮಾತು ಸುಳ್ಳಾಗಲಿಲ್ಲ. ಕ್ರಿಸ್‌ಮಸ್ ಕಳೆಯುವಷ್ಟರಲ್ಲಿ ಹೆಲೆನಮ್ಮನ ಕಾಲುಗಳು ಸೋತವು. ಈಗ ಅವರನ್ನು ಮಂಚದಿಂದ ಗಾಲಿಕುರ್ಚಿಗೆ ದಾಟಿಸುವುದು ಚಾವಣಿಗೆ ಕಟ್ಟಿದ ಯಂತ್ರ. ಈ ಬೆಳಿಗ್ಗೆ ವಾಲೇಸರ ಕೋಣೆಯಿಂದ ಪುಷ್ಪಾವತಿ ನೇರ ಬರುವುದು ಹೆಲೆನಮ್ಮನ ಕೋಣೆಗೇ. ಅವರನ್ನು ಎತ್ತುವ ಬಟ್ಟೆಯ ಜೋಲಿಯ ಕೊಂಡಿಗಳನ್ನು ಒಂದೊಂದಾಗಿ ಯಂತ್ರಕ್ಕೆ ಸಿಕ್ಕಿಸಿ, ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಾರೆ. ಜೋಲಿಯೊಳಗಿನಿಂದ ಒಂದು, ಎರಡು ಎಂಬ ಸಣ್ಣ ದನಿ ಬರುತ್ತದೆ. ಐಲೇಸಾ ಎಂದ ಮೇಲೆಯೇ ಗುಂಡಿ ಒತ್ತುತ್ತಾರೆ. ಸಹೋದ್ಯೋಗಿಗಳಿಗೆ ಇದು ಹೊತ್ತು ಹಾಳು ಮಾಡುವ ಕೆಲಸ. ಪುಷ್ಪಾವತಿಗೆ ಅವರೊಂದಿಗೆ ವಾದ ಮಾಡುವ ಹುಕಿಯಿಲ್ಲ.

ಮನೆಯಲ್ಲಿ ಹೈಸ್ಕೂಲು ಓದುವ ಮಗಳು ಶ್ರೇಯಾ, ಶೂ ಹಾಕಿದ್ದಕ್ಕೆ ಸಮುದ್ರದ ಹತ್ತಿರ ಸಾರಿ ಕೇಳಿದ್ಯಾ ಎಂದು ಇಂಗ್ಲಿಷಿನಲ್ಲಿ ನಕ್ಕಿದ್ದಳಂತೆ. ಆಮೇಲೆ, ಸಮುದ್ರ ಏನು ಹೇಳಿತು ಎಂದು ಅವಳೇ ಮೆಲ್ಲಗೆ ಕೇಳಿದಳಂತೆ. ಮುಂದಿನ ಸಲ ಊರಿಗೆ ಹೋದಾಗ ಪಡುಕೆರೆಯಲ್ಲಿ ಅಪ್ಪನ ದೋಣಿಗೆ ಒಂದು ತೆಂಗಿನಕಾಯಿ ಒಡೆಸಿ ತಪ್ಪು ಕಾಣಿಕೆ ಹಾಕಬೇಕು, ಮಗಳೂ ಜತೆಗಿರಬೇಕು. ಪುಷ್ಪಾವತಿಗೆ ಸದ್ಯಕ್ಕಿರುವ ಆಸೆ ಇಷ್ಟೇ.

ಪತ್ರಿಕೆಯಲ್ಲಿ ಬರುತ್ತದೆ ಎಂದಾಗ ಅವರು ಮುಜುಗರಪಟ್ಟರು. ಫೋಟೋ ಬೇಡ ಎಂದರು, ಹೊಗಳುವುದೂ ಬೇಡ ಎಂದರು. ಮುಂದಿನ ಕೋಣೆಯ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟವರು ಒಂದು ಗಳಿಗೆ ನಿಂತು ತಿರುಗಿದರು.

"ಬರೆಯುದಾದ್ರೆ ಇದೊಂದು ಸರಿಯಾಗಿ ಬರೀರಿ. ಅಲ್ಲಿ ಕಾಲಿಟ್ಟದ್ದು ಹೆಲೆನಮ್ಮ. ನಾನು ಎಳೆದದ್ದಲ್ಲ."