ಉಲ್ಲಾಳದಲ್ಲಿ ದಾರಿ ತಪ್ಪಿದ ಫ್ರಾನ್ಸ್ ಪಾಣಿ

ಚಕ್ರಪಾಣಿ ಎಂದು ಹೆಸರಿಟ್ಟ ಅಪ್ಪನಿಗೆ, ಮಗ ಮುಂದೆ ನಿಜವಾಗಿಯೂ ಕೈಯಲ್ಲಿ ಸೈಕಲ್ ಚಕ್ರ ಹಿಡಿದುಕೊಂಡು ಪಂಕ್ಚರ್ ಅಂಗಡಿ ಮುಂದೆ ನಿಲ್ಲುತ್ತಾನೆ ಅಂತ ಗೊತ್ತಿದ್ದಿರಲಾರದು. ಈ ತಮಾಷೆಯನ್ನು ಯಾರಾದರೂ ಮಾಡುವ ಮೊದಲೇ ಚಕ್ರಪಾಣಿ ತಾನೇ ಮಾಡಿಬಿಡುತ್ತಿದ್ದ. ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ತನ್ನ ಬಾಯಲ್ಲಿ ಕೇಳಿದರೆ ಉರಿ ಸ್ವಲ್ಪ ಕಡಿಮೆ ಅನ್ನುವುದು ಅವನ ಅನುಭವ.

ಮನೆ ವಿಜಯನಗರದಲ್ಲಿ, ಕೆಲಸ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪ್ರೆಸರ್ ಫ್ಯಾಕ್ಟರಿಯಲ್ಲಿ. ಸ್ಟೋರ್ಸ್ ವಿಭಾಗ. ನಟ್ಟು, ಬೋಲ್ಟು, ವಾಷರ್‌ಗಳ ನಡುವೆ ಹದಿನೆಂಟು ವರ್ಷ. ದಿನಾ ಹೋಗಿಬರೋದು ಹರ್ಕ್ಯುಲಿಸ್ ಸೈಕಲ್ಲಿನಲ್ಲಿ. ಹಿಂದಿನ ಕ್ಯಾರಿಯರ್‌ನಲ್ಲಿ ಊಟದ ಡಬ್ಬಿ, ಬಲಗಾಲಿನ ಪ್ಯಾಂಟಿಗೆ ಒಂದು ಕ್ಲಿಪ್ಪು.

ಎಂಬತ್ತೆರಡರಲ್ಲಿ ಆ ಫ್ಯಾಕ್ಟರಿಗೂ ಫ್ರಾನ್ಸ್‌ನ ಒಂದು ಕಂಪನಿಗೂ ಒಪ್ಪಂದವಾಯಿತು. ಒಬ್ಬನನ್ನು ಆರು ತಿಂಗಳ ಟ್ರೈನಿಂಗಿಗೆ ಅಲ್ಲಿಗೆ ಕಳಿಸುತ್ತಾರೆ ಅಂತ ಸುದ್ದಿ ಹಬ್ಬಿತು. ಚಕ್ರಪಾಣಿ ಮಾರನೆಯ ದಿನವೇ ಸಂಜೆಯ ಫ್ರೆಂಚ್ ಕ್ಲಾಸಿಗೆ ಸೇರಿಕೊಂಡ. ಭಾಷೆ ಗೊತ್ತಿರೋನು ಇಡೀ ಫ್ಯಾಕ್ಟರಿಯಲ್ಲಿ ತಾನೊಬ್ಬನೇ ಆಗಿಬಿಟ್ಟರೆ ತನ್ನನ್ನು ಬಿಟ್ಟು ಇನ್ಯಾರನ್ನು ಕಳಿಸಿಯಾರು? ಎರಡು ವರ್ಷ ಮೂಗಿನಲ್ಲಿ ಮಾತಾಡುವುದನ್ನು ಅಭ್ಯಾಸ ಮಾಡಿದ. ಬಿನ್ನಿಪೇಟೆಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದ ಹೆಂಡತಿ ಪಂಕಜಾ, "ನೆಗಡಿಗೆ ಕಷಾಯ ಮಾಡಿಕೊಡ್ಲಾ?" ಅಂತ ಒಂದೆರಡು ಸಲ ನಿಜವಾಗಿಯೇ ಕೇಳಿದಳು.

ಕೊನೆಗೆ ಹೋದವನು ಮೆಷಿನ್ ಶಾಪಿನ ವೆಂಕಟಗಿರಿ. ಅವನಿಗೆ ಫ್ರೆಂಚಿನ ಒಂದಕ್ಷರ ಬರುತ್ತಿರಲಿಲ್ಲ, ಆದರೆ ಮೆಷಿನ್ ಬರುತ್ತಿತ್ತು. ಟ್ರೈನಿಂಗ್ ಇದ್ದದ್ದು ಮೆಷಿನ್ನಿನ ಬಗ್ಗೆ ಅನ್ನುವ ಸಣ್ಣ ವಿಷಯವನ್ನು ಚಕ್ರಪಾಣಿ ಎರಡು ವರ್ಷ ಯೋಚಿಸಿಯೇ ಇರಲಿಲ್ಲ.

ವೆಂಕಟಗಿರಿ ಒಳ್ಳೆಯ ಮನುಷ್ಯ. ಬರುವಾಗ ಸ್ನೇಹಿತನಿಗೆ ಒಂದು ಪುಸ್ತಕ ತಂದ. "ರೈಲ್ವೆ ಸ್ಟೇಷನ್ನಲ್ಲಿ ಇಟ್ಟಿದ್ರು ಕಣೋ. ಸೈಕಲ್ ಚಿತ್ರ ನೋಡ್ದೆ, ನಿನ್ನ ಜ್ಞಾಪಕ ಬಂತು." ಲ್ವಾರ್ ನದಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ಸೈಕಲ್ ಹೊಡೆಯುವವರಿಗೆ ಇಪ್ಪತ್ನಾಲ್ಕು ದಾರಿಗಳು. ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಏರು ಎಷ್ಟು, ನೀರು ಎಲ್ಲಿ ಸಿಗುತ್ತೆ, ಯಾವ ಇಳಿಜಾರಿನಲ್ಲಿ ಜಲ್ಲಿ ಇದೆ, ಎಲ್ಲವೂ ಅದರಲ್ಲಿತ್ತು.

ಚಕ್ರಪಾಣಿ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಒಂದು ವರ್ಷ ಅದನ್ನು ಓದಿದ. ದ್ರಾಕ್ಷಿ ತೋಟಗಳ ನಡುವಿನ ದಾರಿ, ಹಳೇ ಕಲ್ಲು ಸೇತುವೆ, ಕಾಲುವೆ ದಂಡೆಯ ಮೇಲಿನ ನೆರಳು, ಸೂರ್ಯಕಾಂತಿ ಹೊಲ ಎಲ್ಲ ಬಾಯಿಪಾಠವಾದವು. ಫ್ಯಾಕ್ಟರಿಗೆ ಹೋಗುವಾಗ ವೆಸ್ಟ್ ಆಫ್ ಕಾರ್ಡ್ ರೋಡಿನ ಏರು ಬಂದರೆ ಅವನ ಮನಸ್ಸಿನಲ್ಲಿ ಹನ್ನೊಂದನೇ ದಾರಿಯ ಏರು. ಎದುರಿಗೆ ಲಾರಿ ಬಂದಾಗ ಮಾತ್ರ ಭಾರತಕ್ಕೆ ವಾಪಸಾಗುತ್ತಿದ್ದ.

ಕ್ಯಾಂಟೀನಿನಲ್ಲಿ ಅವನು ಈ ದಾರಿಗಳನ್ನು ವರ್ಣಿಸತೊಡಗಿದ. ಅಲ್ಲಿ ಅವನಿಗೆ ಫ್ರಾನ್ಸ್ ಪಾಣಿ ಅಂತ ಹೆಸರು ಬಿತ್ತು. ಫ್ಯಾಕ್ಟರಿಯವರಿಗೆ ಸತ್ಯ ಗೊತ್ತಿತ್ತು. ಹೊರಗಿನವರಿಗೆ ಗೊತ್ತಿರಲಿಲ್ಲ. ಬಸವೇಶ್ವರನಗರದಲ್ಲಿ ಭಾವಮೈದುನನ ಗೃಹಪ್ರವೇಶದ ದಿನ ಯಾರೋ ಹಿರಿಯರು, "ನೀವು ಫ್ರಾನ್ಸ್‌ಗೆ ಹೋಗಿದ್ರಂತೆ? ಅಲ್ಲಿ ಯಾವ ಕಾಲ ಚೆನ್ನಾಗಿರುತ್ತೆ?" ಅಂದರು. ಚಕ್ರಪಾಣಿ ಇಲ್ಲ ಅನ್ನಬೇಕಿತ್ತು. "ಸೆಪ್ಟೆಂಬರ್," ಅಂದ. "ದ್ರಾಕ್ಷಿ ಕೊಯ್ಲಿನ ಟೈಮು. ಗಾಳಿ ಹಿಂದಿನಿಂದ ಬೀಸುತ್ತೆ."

ಪಕ್ಕದಲ್ಲಿ ಹೋಳಿಗೆ ತಿನ್ನುತ್ತಿದ್ದ ಪಂಕಜಾ ತಲೆ ಎತ್ತಿ ಗಂಡನನ್ನು ಒಂದು ಸಲ ನೋಡಿ ಮತ್ತೆ ಹೋಳಿಗೆಗೆ ಬಗ್ಗಿದಳು. ಆ ನೋಟ ನೆನೆದರೆ ಚಕ್ರಪಾಣಿಗೆ ಎಷ್ಟೋ ದಿನ ಕಿವಿ ಬಿಸಿಯಾಗುತ್ತಿತ್ತು. ಆದರೂ ಸುಳ್ಳು ನಿಲ್ಲಲಿಲ್ಲ. ಅವನು ಹೇಳುತ್ತಲೂ ಇರಲಿಲ್ಲ, ಬೇರೆಯವರು ಹೇಳಿದಾಗ ಸುಮ್ಮನಿರುತ್ತಿದ್ದ, ಅಷ್ಟೆ.

ಎಂಬತ್ತಾರರ ಡಿಸೆಂಬರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಬಾಗಿಲ ಮುಂದೆ ಸೈಕಲ್ ಬೆಲ್ಲು ಒಂದೇ ಸಮನೆ ಬಡಿದುಕೊಂಡಿತು. ನಾಯಂಡಹಳ್ಳಿಯ ಸೈಕಲ್ ಶಾಪಿನ ಬೈರಯ್ಯ ನಿಂತಿದ್ದ. ಚಕ್ರಪಾಣಿಯ ಹರ್ಕ್ಯುಲಿಸ್ಸಿಗೆ ಅವನೇ ಡಾಕ್ಟರು.

"ಸಾರ್, ಬೇಗ ಬನ್ನಿ. ನಿಮ್ಮೂರೋನು ಬಂದವ್ನೆ!"

"ನಮ್ಮೂರೋನಾ?"

"ಫ್ರಾನ್ಸ್ ಸಾರ್! ಬಾಂಬೆಯಿಂದ ಸೈಕಲ್ ತುಳ್ಕೊಂಡು ಬಂದವ್ನೆ. ಚಕ್ರ ಸೊಟ್ಟ ಆಗೋಗದೆ. ಇಂಗ್ಲಿಷ್ ಸರಿಯಾಗಿ ಬರಲ್ಲ. ನಾನ್ ಹೇಳ್ದೆ, ಇರಪ್ಪಾ, ನಿಮ್ ದೇಶದಲ್ಲಿ ಎರಡು ವರ್ಷ ಇದ್ದ ಸಾರ್ ಅವ್ರೆ, ಕರ್ಕೊಂಡ್ ಬತ್ತೀನಿ ಅಂತ."

ಎರಡು ವರ್ಷ! ಚಕ್ರಪಾಣಿ ಒಂದು ಹೆಜ್ಜೆ ಒಳಕ್ಕೆ ಸರಿದ. ಸ್ನಾನ ಆಗಿಲ್ಲ ಅಂದ. ಅವನಿಗೂ ಆಗಿಲ್ಲ ಬನ್ನಿ ಸಾರ್, ಅಂದ ಬೈರಯ್ಯ. ಚಕ್ರಪಾಣಿ ಧೈರ್ಯಕ್ಕಿರಲಿ ಅಂತ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿ ಹೊರಟ.

ಅಂಗಡಿ ಮುಂದೆ ಇಪ್ಪತ್ತು ಜನ. ನಡುವೆ ಒಬ್ಬ ಉದ್ದನೆಯ, ಬಿಸಿಲಿಗೆ ಟೊಮೆಟೊ ಬಣ್ಣಕ್ಕೆ ತಿರುಗಿದ ಮನುಷ್ಯ. ಹೆಸರು ಜೆರಾರ್. ಚಕ್ರಪಾಣಿ ಬೊಂಜೂರ್ ಅಂದ ತಕ್ಷಣ ಆ ಮನುಷ್ಯನ ಮುಖ ಅರಳಿ, ಬಾಯಿಂದ ಒಂದು ಪ್ರವಾಹ ಹೊರಟಿತು. ಅದರಲ್ಲಿ ಚಕ್ರಪಾಣಿಗೆ ಒಂದು ಪದವೂ ತಿಳಿಯಲಿಲ್ಲ. ಕ್ಲಾಸಿನಲ್ಲಿ ಮೇಡಂ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದರು. ಇವನು ಆಡುತ್ತಿದ್ದದ್ದು ಬೇರೆ ಯಾವುದೋ ಭಾಷೆ ಇರಬೇಕು ಅನ್ನಿಸಿತು.

ಇಪ್ಪತ್ತು ಜನ ಕಾಯುತ್ತಿದ್ದರು. ಏನಾದರೂ ಹೇಳಲೇಬೇಕು. ಬಾಯಿಗೆ ಬಂದದ್ದು ಒಂದೇ, ಏಳನೇ ದಾರಿಯ ಮೂರನೇ ಸಾಲು. "ಚರ್ಚ್ ದಾಟಿದ ಮೇಲೆ ಎಡಕ್ಕೆ ತಿರುಗಿ. ಇಳಿಜಾರು ಅಪಾಯಕಾರಿ," ಅಂತ ಶುದ್ಧ ಫ್ರೆಂಚಿನಲ್ಲಿ ಗಂಭೀರವಾಗಿ ಹೇಳಿದ.

"ನೋಡಿದ್ರಾ, ಹೆಂಗೆ ಮಾತಾಡ್ತಾರೆ!" ಅಂದ ಬೈರಯ್ಯ.

ಜೆರಾರ್ ಒಂದು ಕ್ಷಣ ತಬ್ಬಿಬ್ಬಾಗಿ, ಸುತ್ತ ಎಲ್ಲಾದರೂ ಚರ್ಚ್ ಇದೆಯೇ ಅಂತ ನೋಡಿದ. ಆಮೇಲೆ ಸುಮ್ಮನೆ ಇಂಗ್ಲಿಷಿಗೆ ಬಂದ. ಇಬ್ಬರ ಇಂಗ್ಲಿಷೂ ಒಂದೇ ಮಟ್ಟದ್ದಾಗಿದ್ದರಿಂದ ಮಾತು ಸಲೀಸಾಯಿತು. ಬೈರಯ್ಯ ಅಷ್ಟರಲ್ಲಿ ಕಡ್ಡಿಗಳನ್ನು ಬಿಗಿದು, ಚಕ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ನೂಲಿನ ಹಾಗೆ ನೇರ ಮಾಡಿಕೊಟ್ಟ.

ಜೆರಾರ್‌ಗೆ ಮೈಸೂರಿಗೆ ಹೋಗಬೇಕಿತ್ತು. ಆದರೆ ಹೆದ್ದಾರಿಯ ಲಾರಿಗಳು ಅವನನ್ನು ಎರಡು ಸಲ ಚರಂಡಿಗೆ ಇಳಿಸಿದ್ದವು. ಹಳ್ಳಿಗಳ ಮೇಲೆ ಹೋಗುವ ಸಣ್ಣ ದಾರಿ ಇಲ್ಲವೇ ಅಂತ ಕೇಳಿದ.

"ಇದೆ," ಅಂದುಬಿಟ್ಟ ಚಕ್ರಪಾಣಿ. "ನಾನೇ ಬಂದು ತೋರಿಸ್ತೀನಿ."

ಇದ್ದೇ ಇರಬೇಕು, ದಾರಿ ಇಲ್ಲದೆ ಹಳ್ಳಿಯವರು ಹೇಗೆ ಓಡಾಡುತ್ತಾರೆ ಅನ್ನುವುದು ಅವನ ತರ್ಕ. ಚಂದ್ರಾ ಲೇಔಟ್‌ನಿಂದ ಆಚೆಗೆ ಸೈಕಲ್ಲಿನಲ್ಲಿ ಅವನು ಒಂದು ದಿನವೂ ಹೋಗಿರಲಿಲ್ಲ. ಅದನ್ನು ಹೇಳಲು ಅಲ್ಲಿ ಇಪ್ಪತ್ತು ಜನ ಅಡ್ಡಿಯಾಗಿದ್ದರು.

ಯೂನಿವರ್ಸಿಟಿಯ ನೀಲಗಿರಿ ತೋಪು ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಮಣ್ಣಿನ ದಾರಿ ಎರಡಾಯಿತು, ಎರಡು ಮೂರಾಯಿತು. ಚಕ್ರಪಾಣಿ ಪ್ರತಿ ಕವಲಿನಲ್ಲೂ ಕೈ ಚಾಚಿ, ಅನುಮಾನವೇ ಇಲ್ಲದವನ ಹಾಗೆ ಒಂದು ಕಡೆ ತೋರಿಸುತ್ತಿದ್ದ. ಉಲ್ಲಾಳ ಕೆರೆಯ ಏರಿಯ ಮೇಲೆ ಒಮ್ಮೆ ಹೋದರು. ಮುಕ್ಕಾಲು ಗಂಟೆಯ ಮೇಲೆ ಅದೇ ಏರಿಯ ಮೇಲೆ ಇನ್ನೊಮ್ಮೆ, ಎದುರು ದಿಕ್ಕಿನಿಂದ ಬಂದರು. "ಇಲ್ಲಿ ಕೆರೆಗಳು ತುಂಬಾ," ಅಂದ ಚಕ್ರಪಾಣಿ. ಜೆರಾರ್ ಬಟ್ಟೆ ಒಗೆಯುತ್ತಿದ್ದ ಅದೇ ಹೆಂಗಸರಿಗೆ ಎರಡನೇ ಸಲ ಕೈ ಬೀಸಿದ.

ಕೆರೆ ದಾಟಿದ ಮೇಲೆ ದಾರಿಯ ಉದ್ದಕ್ಕೂ ಹುರುಳಿ ಗಿಡಗಳನ್ನು ಹರಡಿದ್ದರು. ಗಾಡಿಗಳು ಹರಿದು ಕಾಳು ಬಿಡಿಸಲಿ ಅಂತ. ಚಕ್ರಪಾಣಿ ಅದರ ಮೇಲೆ ನುಗ್ಗಿದ. ಹತ್ತು ಮಾರು ಹೋಗುವಷ್ಟರಲ್ಲಿ ಬಳ್ಳಿಗಳು ಚೈನಿಗೆ ಸುತ್ತಿಕೊಂಡು ಪೆಡಲ್ಲು ಕಚ್ಚಿ ನಿಂತಿತು. ಅವನು ಹುರುಳಿಯ ಮೇಲೆ ಮೆತ್ತಗೆ ಮಲಗಿದ. ಹಿಂದಿನಿಂದ ಬಂದ ಜೆರಾರ್ ಅವನ ಪಕ್ಕದಲ್ಲೇ ಮಲಗಿದ.

"ಯಾರ್ರೀ ಅದು! ಕಣ್ಣು ಕಾಣಕ್ಕಿಲ್ವಾ?" ಅಂತ ಹೊಂಗೆ ಮರದ ಕೆಳಗಿಂದ ಒಬ್ಬಾಕೆ ಎದ್ದು ಬಂದರು. ಹೊಲದ ಯಜಮಾನಿ ಪಾಪಮ್ಮ. ಬಿದ್ದವರಲ್ಲಿ ಒಬ್ಬ ಕೆಂಪಗಿರುವುದನ್ನು ಕಂಡು ಬೈಗುಳ ಅರ್ಧಕ್ಕೆ ನಿಲ್ಲಿಸಿ ನೀರು ಕೊಟ್ಟರು. "ಇವ್ರು ಎಲ್ಲಿಯೋರು?"

"ಫ್ರಾನ್ಸ್ ಅಂತ, ದೂರದ ದೇಶ."

"ನೀವೋ?"

"ವಿಜಯನಗರ."

"ವಿಜಯನಗರದೋರು ಇಲ್ಲಿ ದಾರಿ ತಪ್ಪುಸ್ಕೊಂಡ್ರಾ?" ಪಾಪಮ್ಮನಿಗೆ ನಿಜವಾಗಿ ಆಶ್ಚರ್ಯವಾಯಿತು. "ಪರದೇಸದೋನು ತಪ್ಪುಸ್ಕೊಂಡ್ರೆ ಸರಿ."

ಮರದ ಕೆಳಗೆ ಕೂತು ಚೈನಿನಿಂದ ಬಳ್ಳಿ ಬಿಡಿಸುವಾಗ ಜೆರಾರ್‌ನ ಕಣ್ಣಿಗೆ ಚೀಲದಿಂದ ಜಾರಿದ ಪುಸ್ತಕ ಬಿತ್ತು. ಅದನ್ನೆತ್ತಿಕೊಂಡು ಪುಟ ತಿರುಗಿಸಿದ. ಅವನು ಫ್ರಾನ್ಸಿನ ಉತ್ತರದ ಗಣಿ ಊರಿನವನು, ಲ್ವಾರ್ ಕಡೆ ಹೋಗಿಯೇ ಇರಲಿಲ್ಲ. ಹೇಗಿದೆ ಅಂತ ಕೇಳಿದ. ಚಕ್ರಪಾಣಿ ಹನ್ನೊಂದನೇ ದಾರಿಯನ್ನು ಹಿಡಿದ. ಗಿರಣಿ, ಕಾಲುವೆ, ವಾಲ್‌ನಟ್ ಮರಗಳ ಸಾಲು, ನೂರ ನಲವತ್ತು ಮೀಟರಿನ ಏರು, ಮೇಲಿನಿಂದ ಕಾಣುವ ನದಿ. ಜೆರಾರ್ ಬಾಯಿಬಿಟ್ಟು ಕೇಳಿ, "ಅಲ್ಲಿಗೆ ಯಾವ ವರ್ಷ ಹೋಗಿದ್ದಿರಿ?" ಅಂದ.

ಮೈಗೆಲ್ಲ ಹುರುಳಿ ಸಿಪ್ಪೆ ಅಂಟಿಸಿಕೊಂಡು ಕೂತವನಿಗೆ ಇನ್ನು ಉಳಿಸಿಕೊಳ್ಳುವಂಥ ಮರ್ಯಾದೆ ಏನೂ ಕಾಣಲಿಲ್ಲ. "ಹೋಗಿಲ್ಲ," ಅಂದ. "ನಾನು ರೈಲಿನಲ್ಲಿ ಜೋಲಾರ್‌ಪೇಟೆಯನ್ನೇ ದಾಟಿಲ್ಲ."

ಜೆರಾರ್ ನಕ್ಕ. ನಿಲ್ಲಿಸಿ ಮತ್ತೆ ನಕ್ಕ. ಮರಕ್ಕೆ ಒರಗಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಾಯ್ತು ಇವ್ರಿಗೆ? ಬಿಸಿಲು ಹೊಡೀತಾ?" ಅಂತ ಪಾಪಮ್ಮ ಗಾಬರಿಯಾದರು. ಹಾಗಾಗಿ ಅದೇ ಸತ್ಯವನ್ನು ಚಕ್ರಪಾಣಿ ಕನ್ನಡದಲ್ಲೂ ಒಂದು ಸಲ ಒಪ್ಪಿಸಬೇಕಾಯಿತು. ಅದು ಇಂಗ್ಲಿಷಿಗಿಂತ ಕಷ್ಟವಾಯಿತು.

ಪಾಪಮ್ಮ ಪೂರ್ತಿ ಕೇಳಿ, "ಅಯ್ಯೋ ಪಾಪ," ಅಂದರು. ಅದು ಯಾರಿಗೆ ಹೇಳಿದ್ದು ಅಂತ ತಿಳಿಯಲಿಲ್ಲ. ಆಮೇಲೆ ಕೈ ಚಾಚಿ ದಾರಿ ಹೇಳತೊಡಗಿದರು. "ಸೀದಾ ಹೋಗಿ. ಮುನೇಶ್ವರನ ಗುಡಿ ಸಿಗ್ತದೆ, ಎಡಕ್ಕೆ ತಿರುಗಿ. ಆಮ್ಯಾಕೆ ಇಳಿಜಾರು, ಜಲ್ಲಿ ಅದೆ, ಹುಷಾರು. ತೊರೆ ದಾಟಿದ್ರೆ ಬಾವಿ, ನೀರು ಚೆನ್ನಾಗದೆ. ಬಲಕ್ಕೆ ತಿರುಗಿದ್ರೆ ರಾಮೋಹಳ್ಳಿ, ದೊಡ್ಡಾಲದ ಮರ. ಅಲ್ಲಿಂದ ಯಾರನ್ ಕೇಳಿದ್ರೂ ಹೇಳ್ತಾರೆ. ಎರಡು ನಾಯಿ ಅವೆ, ಕಚ್ಚಕ್ಕಿಲ್ಲ."

ಚಕ್ರಪಾಣಿ ಜೆರಾರ್ ಕಡೆ ತಿರುಗಿ ಅದನ್ನು ಫ್ರೆಂಚಿನಲ್ಲಿ ಹೇಳಿದ. ಒಂದು ಕಡೆಯೂ ತಡವರಿಸಲಿಲ್ಲ. ಎಡಕ್ಕೆ, ಬಲಕ್ಕೆ, ಇಳಿಜಾರು, ಜಲ್ಲಿ, ಕುಡಿಯುವ ನೀರು, ಎಚ್ಚರಿಕೆ. ಅವನಿಗೆ ಬರುತ್ತಿದ್ದ ಫ್ರೆಂಚ್ ಇಷ್ಟೇ, ಬೇಕಾಗಿದ್ದದ್ದೂ ಇಷ್ಟೇ. ನಾಯಿಗಳು ಕಚ್ಚುವುದಿಲ್ಲ ಅನ್ನುವುದೊಂದು ಪುಸ್ತಕದಲ್ಲಿರಲಿಲ್ಲ. ಅದನ್ನು ಕೈಸನ್ನೆಯಲ್ಲಿ ತೋರಿಸಿದ. ಜೆರಾರ್ ಎಲ್ಲವನ್ನೂ ಬರೆದುಕೊಂಡು, ಇಬ್ಬರ ಕೈಯನ್ನೂ ಕುಲುಕಿ, ಗುಡಿಯ ಹತ್ತಿರ ಸರಿಯಾಗಿ ಎಡಕ್ಕೆ ತಿರುಗಿ ಹೋದ.

ವಾಪಸು ಬರುವಾಗ ಚಕ್ರಪಾಣಿ ನಾಯಂಡಹಳ್ಳಿಯಲ್ಲಿ ಇಳಿದ. ಆ ದಿನದ ಕೆಲಸ ಆ ದಿನವೇ ಮುಗಿಯಲಿ ಅಂತ ಬೈರಯ್ಯನಿಗೂ ಹೇಳಿದ. "ನಾನು ಫ್ರಾನ್ಸ್‌ಗೆ ಹೋಗಿಲ್ಲಪ್ಪಾ. ಪುಸ್ತಕ ಓದಿದ್ದೀನಿ, ಅಷ್ಟೆ."

"ಸುಮ್ನಿರಿ ಸಾರ್," ಅಂದ ಬೈರಯ್ಯ. "ಬೆಳಿಗ್ಗೆ ನೀವು ಮಾತಾಡಿದ್ದು ಈ ಕಿವೀಲೇ ಕೇಳಿದ್ದೀನಿ. ದೊಡ್ಡೋರು ಹಿಂಗೇ, ಹೇಳ್ಕೊಳ್ಳಲ್ಲ." ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ನಾಯಂಡಹಳ್ಳಿಯಲ್ಲಿ ಚಕ್ರಪಾಣಿ ಫ್ರಾನ್ಸಿನಲ್ಲಿದ್ದ ಅವಧಿ ಮುಂದಿನ ವರ್ಷದ ಹೊತ್ತಿಗೆ ನಾಲ್ಕು ವರ್ಷಕ್ಕೆ ಏರಿತ್ತು.

ಪಂಕಜಾ ಮಾತ್ರ ಕಥೆಯನ್ನು ಪೂರ್ತಿ ಕೇಳಿದಳು. ಎರಡು ಸಲ ಕೆರೆ ಏರಿ ಹತ್ತಿದ ಭಾಗವನ್ನು ಮತ್ತೊಮ್ಮೆ ಹೇಳಿಸಿದಳು. ಆಮೇಲೆ ತನ್ನ ಶಾಲೆಯ ನೂರು ಪುಟದ ಒಂದು ಖಾಲಿ ನೋಟ್‌ಬುಕ್ ತಂದು ಗಂಡನ ಮುಂದಿಟ್ಟು, "ಇಲ್ಲಿನ ದಾರಿಗಳನ್ನೂ ಬರೀರಿ. ಹೋಗಿ, ನೋಡಿ, ಆಮೇಲೆ ಬರೀರಿ," ಅಂದಳು.

ಅಂದಿನಿಂದ ಭಾನುವಾರಗಳಲ್ಲಿ ಚಕ್ರಪಾಣಿಯೂ ವೆಂಕಟಗಿರಿಯೂ ಸೈಕಲ್ಲಿನಲ್ಲಿ ಹೊರಡುವುದು ರೂಢಿಯಾಯಿತು. ಕೆಂಗೇರಿ, ತಾವರೆಕೆರೆ, ಮಾಗಡಿಯ ಕಡೆ. ಮೂರು ವರ್ಷದಲ್ಲಿ ಚಕ್ರಪಾಣಿ ಬರೆದದ್ದು ಆರು ದಾರಿ. ಕೈಬರಹ ಸ್ಟೋರ್ಸಿನ ರಿಜಿಸ್ಟರಿನದು. ಮೊದಲ ದಾರಿಯನ್ನು ತಪ್ಪಿಲ್ಲದೆ ಬರೆಯಲು ಐದು ಭಾನುವಾರ ಹಿಡಿಯಿತು, ಯಾಕೆಂದರೆ ಎಡ ಬಲ ಬರೆಯುವಾಗ ಅವನು ಹೋಗುವ ದಾರಿಗೆ ಬೆನ್ನು ಹಾಕಿ ಊರ ಕಡೆ ಮುಖ ಮಾಡಿ ನಿಂತಿದ್ದ.

ಎಂಬತ್ತೊಂಬತ್ತರಲ್ಲಿ ನಾಗರಭಾವಿಯ ಆಚೆಗೆ ಲೇಔಟಿನ ಸರ್ವೆ ಕಲ್ಲುಗಳು ಬಂದವು. ಎರಡನೇ ದಾರಿಯಲ್ಲಿ ಗುರುತಿಗೆ ಬರೆದಿದ್ದ ಹುಣಸೆ ಮರವೂ ಇರಲಿಲ್ಲ, ಬದುವೂ ಇರಲಿಲ್ಲ. ಎಲ್ಲ ಒಂದೇ ಅಗಲದ, ಒಂದೇ ಕೆಂಪು ಮಣ್ಣಿನ ರಸ್ತೆಗಳು. ಚಕ್ರಪಾಣಿ ಅವುಗಳ ನಡುವೆ ಅರ್ಧ ಗಂಟೆ ಸುತ್ತಿ, ಸೈಕಲ್ಲಿನಿಂದ ಇಳಿದು, ಸೀಟಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಆ ಪುಟಕ್ಕೆ ಗೀಟು ಹಾಕಿದ. ವೆಂಕಟಗಿರಿ, "ಈಗ ಎತ್ಲಾಗೋ?" ಅಂದ.

"ಗೊತ್ತಿಲ್ಲ ಕಣೋ," ಅಂದ ಚಕ್ರಪಾಣಿ. "ಯಾರನ್ನಾದ್ರೂ ಕೇಳೋಣ."