ಫ್ರಿಜ್ ಮೇಲಿನ ಎರಡು ಪಟ್ಟಿಗಳು

ಆಸ್ಪತ್ರೆಯಲ್ಲಿ ನಾನು ನಿಜ ಹೇಳಬೇಕಿತ್ತು, ಹೇಳಲಿಲ್ಲ.

ಅಮೆರಿಕದ ಆಶ್‌ಬರ್ನ್‌ನ ನಮ್ಮ ಮನೆಯಲ್ಲಿ ಗಂಡನೂ ನನ್ನ ತಮ್ಮನೂ ಪ್ರತಿ ವರ್ಷ, ಇಲ್ಲಿಯ ಫುಟ್‌ಬಾಲ್ ತಂಡ ಯಾವ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತದೆಂದು ಮೊದಲೇ ಊಹಿಸಿ, ಪಟ್ಟಿ ಬರೆದು ಫ್ರಿಜ್‌ಗೆ ಅಂಟಿಸುತ್ತಿದ್ದರು. ಆ ಸಲ ಟಿವಿಯಲ್ಲಿ ತಮ್ಮ ಬರೆದಿದ್ದ ಹೆಸರೇ ಬಂತು.

"ಏನ್ ಭಾವ, ಇಷ್ಟ್ ವರ್ಷ ನೋಡಿದ್ರೂ ಗೇಮ್ ಅರ್ಥ ಆಗಿಲ್ವಾ?" ಎಂದು ನಕ್ಕ.

ಗಂಡ ಅವನ ಕತ್ತು ಹಿಡಿದು ಮುಖವನ್ನು ಫ್ರಿಜ್ ಬಾಗಿಲಿಗೆ ಮೂರು ಸಲ ಅಪ್ಪಳಿಸಿದ. ಹಲ್ಲು ಮುರಿದು, ಪಟ್ಟಿಗಳ ಮೇಲೆಲ್ಲ ರಕ್ತ ಇಳಿಯಿತು.

ನರ್ಸ್ ಕೇಳಿದಾಗ, ಗಂಡನ ವೀಸಾ ಹೋದೀತೆಂದು ಹೆದರಿ, ತಮ್ಮ ಮೆಟ್ಟಿಲ ಮೇಲೆ ಬಿದ್ದ ಎಂದೆ. ನಾನು ಓದಿದ್ದು ಏಳನೇ ಕ್ಲಾಸು. ಆ ಸುಳ್ಳು ಮಾತ್ರ ಇಂಗ್ಲಿಷಿನಲ್ಲಿ ತಡವರಿಸದೆ ಬಂತು. ತಮ್ಮ ನಮ್ಮ ಮನೆಗೆ ಬರುವುದನ್ನೇ ಬಿಟ್ಟ.

ಕಳೆದ ವಾರ ಲ್ಯಾನ್‌ಹ್ಯಾಮ್ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಅವನ ಕಾರಿನ ಕಿಟಕಿ ತಟ್ಟಿದೆ.

"ನೀನು ಬೀಳ್ಲಿಲ್ಲ ಕಣೋ. ಅವ್ರು ಹೊಡೆದ್ರು, ನಾನು ಸುಳ್ಳು ಹೇಳ್ದೆ. ತಪ್ಪಾಯ್ತು, ಕ್ಷಮಿಸು."